ಎರಡು ಸಿಗ್ನಲ್‌ಗಳ ನಡುವಿನ 240 ಮೀಟರ್

ಆ ಫೋಟೊ ನನ್ನ ಫೋನಿಗೆ ಬಂದಾಗ ರಾತ್ರಿ ಏಳೂವರೆ. ಕಬ್ಬಿನ ಟ್ರಾಕ್ಟರಿನ ಮೂತಿಗೂ ಬಸ್ಸಿನ ಮೂತಿಗೂ ನಡುವೆ ಹೆಚ್ಚೆಂದರೆ ಒಂದು ಮಾರು ಜಾಗ. ಒಂದು ಪಕ್ಕ ಅಗೆದ ಗುಂಡಿ, ಇನ್ನೊಂದು ಪಕ್ಕ ಗದ್ದೆ. ಬಸ್ಸಿನ ಹಿಂದೆ ಹೆಡ್‌ಲೈಟುಗಳ ಸಾಲು. ಕೆಳಗೆ ಸೈಟ್ ಸೂಪರ್‌ವೈಸರ್ ಒಂದೇ ಸಾಲು ಬರೆದಿದ್ದ: ‘ಸಾ, ಎರಡು ಕಡೆಗೂ ಗ್ರೀನ್ ಬಂದೈತೆ ಅಂತಾವ್ರೆ.’

ಯಾರಿಗೂ ಏಟಾಗಲಿಲ್ಲ. ರಸ್ತೆ ಮಾತ್ರ ಒಂದು ಗಂಟೆ ಹತ್ತು ನಿಮಿಷ ಬಂದ್ ಆಯಿತು. ಎರಡು ಟ್ರೈಲರಿನ ತುಂಬ ಕಬ್ಬು ಹೇರಿದ ಟ್ರಾಕ್ಟರು ಹಿಂದಕ್ಕೆ ಹೋಗುವುದಿಲ್ಲ. ಡ್ರೈವರಣ್ಣ ಮಾರನೇ ದಿನ ನನಗೆ ಬಿಡಿಸಿ ಹೇಳಿದ: ‘ಒಂದ್ ಟ್ರೈಲರಾದ್ರೆ ಎಂಗೋ ತಗೋಬೋದು ಸಾ. ಎರಡಿದ್ರೆ ಮಡಚ್ಕಂಡು ಗದ್ದೆಗೋಯ್ತದೆ.’ ಹಾಗಾಗಿ ಬಸ್ಸೇ ಹಿಂದಕ್ಕೆ ಹೋಗಬೇಕಿತ್ತು. ಅದಕ್ಕೆ ಮುಂಚೆ ಬಸ್ಸಿನ ಹಿಂದಿದ್ದ ಇಪ್ಪತ್ತು ಚಿಲ್ಲರೆ ಗಾಡಿಗಳು ಹೋಗಬೇಕಿತ್ತು. ಕತ್ತಲಲ್ಲಿ, ಒಂದೇ ಲೇನಿನಲ್ಲಿ, ಎಲ್ಲರೂ ಬೈಯುತ್ತಾ.

ಜಾಗ ಮಂಡ್ಯ ಜಿಲ್ಲೆಯ ಒಂದು ಎರಡು ಲೇನಿನ ರಸ್ತೆ. ಕೆಲಸ ದೊಡ್ಡದೇನಲ್ಲ. ರಸ್ತೆಯಡಿ ನೀರು ಹಾಯುವ ಹಳೇ ಮೋರಿ ಒಡೆದು ಹೊಸ ಮೋರಿ ಕಟ್ಟುವುದು, ಜೊತೆಗೆ ಪಕ್ಕದ ಚರಂಡಿ. ಬದಲಿ ರಸ್ತೆ ಮಾಡಲು ಗದ್ದೆ ಅಡ್ಡ. ಆದ್ದರಿಂದ ಅರ್ಧ ರಸ್ತೆ ಮುಚ್ಚಿ ಅರ್ಧ ಬಿಡುವುದು, ಈ ಕಡೆಯವರು ಒಮ್ಮೆ, ಆ ಕಡೆಯವರು ಒಮ್ಮೆ. ಗುತ್ತಿಗೆದಾರರು ಬಾವುಟದ ಹುಡುಗರ ಬದಲು ಎರಡು ಸೋಲಾರ್ ಸಿಗ್ನಲ್ ತಂದು ನಿಲ್ಲಿಸಿದ್ದರು. ನಾನು ಆಗ ಥರ್ಡ್ ಪಾರ್ಟಿ ತಪಾಸಣೆ, ಅಂದರೆ ಕೆಲಸ ಪರೀಕ್ಷಿಸುವ ಹೊರಗಿನವರ ತಂಡದಲ್ಲಿದ್ದೆ. ಸಂಚಾರ ವ್ಯವಸ್ಥೆಯ ನಕ್ಷೆಗೆ ಸಹಿ ಹಾಕಿದವನೂ ನಾನೇ. ಆಫೀಸಿನಲ್ಲಿ ಕೂತು, ಟೀ ಕುಡಿಯುತ್ತಾ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಬರುವುದೆಲ್ಲ ಬೇರೆಯವರ ತಪ್ಪು ಹುಡುಕಿದ ಹಾಗೆ ಕಾಣುತ್ತದೆ.

ಮಾರನೇ ಬೆಳಗ್ಗೆ ಟೇಪು ಹಿಡಿದು ಹೋದೆ. ಪಶ್ಚಿಮದ ಸಿಗ್ನಲ್ಲಿನಿಂದ ಪೂರ್ವದ ಸಿಗ್ನಲ್ಲಿಗೆ 240 ಮೀಟರ್ ಬಂತು. ನಕ್ಷೆಯಲ್ಲಿ 150 ಇತ್ತು. 90 ಮೀಟರ್ ಎಲ್ಲಿಂದ ಬಂತು?

ಅದರಲ್ಲಿ ಅರ್ಧ ಬಂದದ್ದು ಚರಂಡಿಯಿಂದ. ಜೆಸಿಬಿ ಬಾಡಿಗೆಗೆ ಬಂದಿತ್ತಲ್ಲ, ಒಂದೇ ಸಲಕ್ಕೆ ಇರಲಿ ಅಂತ ಮೋರಿಯಿಂದ ಪಶ್ಚಿಮಕ್ಕೆ 110 ಮೀಟರ್ ಚರಂಡಿಯನ್ನೂ ಅಗೆದುಬಿಟ್ಟಿದ್ದರು. ನಕ್ಷೆಯಲ್ಲಿ ಅದು ಎರಡು ಹಂತದ ಕೆಲಸ. ಇನ್ನರ್ಧ ಪೂರ್ವದ ಸಿಗ್ನಲ್ಲಿನಿಂದ. ಅದನ್ನು ಬ್ಯಾರಿಕೇಡ್ ಶುರುವಾಗುವ ಜಾಗದಿಂದ 60 ಮೀಟರ್ ಆಚೆ, ಕೆಲಸಗಾರರ ಶೆಡ್ಡಿನ ಎದುರಿಗೆ ನಿಲ್ಲಿಸಿದ್ದರು. ಯಾಕೆ ಅಂತ ಕೇಳಿದೆ. ‘ಬ್ಯಾಟರಿ ಕದ್ಕಂಡ್ ಹೋಯ್ತಾರೆ ಸಾ, ಅಲ್ಲಾದ್ರೆ ಕಣ್ಮುಂದೆ ಇರ್ತದೆ’ ಅಂದ ವಾಚ್‌ಮನ್. ಅವನ ಲೆಕ್ಕ ತಪ್ಪೇನಲ್ಲ. ಬ್ಯಾಟರಿ ಹೋದರೆ ಅವನ ಸಂಬಳದಲ್ಲಿ ಹಿಡಿಯುತ್ತಾರೆ. ಆದರೆ ಸಿಗ್ನಲ್ ಎಲ್ಲಿರಬೇಕು ಅನ್ನುವುದನ್ನು ಬ್ಯಾಟರಿ ಕಳ್ಳ ತೀರ್ಮಾನ ಮಾಡಿದ ಹಾಗಾಯಿತು.

ಈಗ ಟೈಮಿಂಗ್ ನೋಡೋಣ. ಹಸಿರು 40 ಸೆಕೆಂಡು, ಹಳದಿ 3, ಆಮೇಲೆ ಎರಡೂ ಕಡೆ ಕೆಂಪು 22 ಸೆಕೆಂಡು. ಈ ಕೊನೆಯದೇ ಇಡೀ ವ್ಯವಸ್ಥೆಯ ಜೀವ. ಒಳಗೆ ಹೊಕ್ಕ ಕೊನೇ ಗಾಡಿ ಆಚೆ ಬರುವ ತನಕ ಎದುರಿನವರನ್ನು ಬಿಡಬಾರದು. ಅದಕ್ಕೆ ಬೇಕಾದ ಸಮಯ ಅದು. 22 ಹೇಗೆ ಬಂತು ಅಂದರೆ, ಗಂಟೆಗೆ 40 ಕಿಮೀ ವೇಗದಲ್ಲಿ ಹೋಗುವ ಕಾರು 240 ಮೀಟರ್ ದಾಟಲು ಸುಮಾರು 22 ಸೆಕೆಂಡು ಬೇಕು. ಕಾರಿಗೆ ಸರಿಯಾದ ಲೆಕ್ಕವೇ.

ಆದರೆ ಅದು ಕಬ್ಬು ಅರೆಯುವ ಕಾಲ. ಆ ರಸ್ತೆಯಲ್ಲಿ ಕಾರಿಗಿಂತ ಟ್ರಾಕ್ಟರೇ ಯಜಮಾನ. ಹೇರು ತುಂಬಿದ ಟ್ರಾಕ್ಟರನ್ನು ನಾನೇ ಸ್ಟಾಪ್‌ವಾಚ್ ಹಿಡಿದು ನೋಡಿದೆ. ಗಂಟೆಗೆ 12 ಕಿಮೀ ಆಸುಪಾಸು. ಅಂದರೆ ಸೆಕೆಂಡಿಗೆ ಮೂರು ಮೀಟರಿಗೆ ಸ್ವಲ್ಪ ಮೇಲೆ. 240 ಮೀಟರಿಗೆ 72 ಸೆಕೆಂಡು. ಟ್ರೈಲರಿನ ಬಾಲವೂ ಆಚೆ ಬರಬೇಕಲ್ಲ, ಅದಕ್ಕೆ ಇನ್ನೊಂದು ನಾಲ್ಕೈದು. ಬೇಕಾದದ್ದು 75ರ ಮೇಲೆ, ಇಟ್ಟದ್ದು 22. ಗಾಡಿಗೆ ಗಾಡಿ ಗುದ್ದದೆ ಹನ್ನೆರಡು ದಿನ ಕಳೆದದ್ದೇ ಆಶ್ಚರ್ಯ. ಕೆಲಸಗಾರರು ಆಮೇಲೆ ಒಪ್ಪಿಕೊಂಡರು: ಹಗಲು ಹೊತ್ತು ಯಾರೋ ಒಬ್ಬರು ಕೈ ಅಡ್ಡ ಮಾಡಿ ಎದುರಿನವರನ್ನು ತಡೆಯುತ್ತಿದ್ದರಂತೆ. ಆರು ಗಂಟೆಗೆ ಅವರು ಕೆಲಸ ಬಿಟ್ಟು ಮನೆಗೆ ಹೋದ ಮೇಲೆ ಸಿಗ್ನಲ್ ಒಂಟಿ.

‘ಎರಡು ಕಡೆಗೂ ಗ್ರೀನ್’ ಅನ್ನುವ ದೂರು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಡಬ್ಬಿ ಬಿಚ್ಚಿಸಿದೆ. ಎರಡೂ ಸಿಗ್ನಲ್‌ಗಳ ನಡುವೆ ವೈರಿಲ್ಲ, ರೇಡಿಯೊ ಇಲ್ಲ. ಒಂದೊಂದರ ಒಳಗೆ ಒಂದೊಂದು ಗಡಿಯಾರ. ಮೊದಲ ದಿನ ಇಬ್ಬರು ಫೋನಿನಲ್ಲಿ ‘ಒನ್, ಟೂ, ತ್ರೀ’ ಎಂದು ಒಟ್ಟಿಗೆ ಬಟನ್ ಒತ್ತಿದ್ದಾರೆ. ಅಷ್ಟೇ ಸಂಬಂಧ. ಆಮೇಲೆ ಅದರ ಪಾಡಿಗೆ ಅದು, ಇದರ ಪಾಡಿಗೆ ಇದು. ನಾವು ಅಳೆದಾಗ ಹನ್ನೆರಡು ದಿನದಲ್ಲಿ ಎರಡರ ನಡುವೆ 9 ಸೆಕೆಂಡು ವ್ಯತ್ಯಾಸ ಬಂದಿತ್ತು. ಅಗ್ಗದ ಗೋಡೆ ಗಡಿಯಾರದಲ್ಲಿ ಇಷ್ಟು ಯಾರೂ ಗಮನಿಸುವುದಿಲ್ಲ. ಇಲ್ಲಿ ಅದು ಒಂದು ದಿಕ್ಕಿಗೆ 22ನ್ನು 31 ಮಾಡಿತ್ತು, ಇನ್ನೊಂದು ದಿಕ್ಕಿಗೆ 13. ಟ್ರಾಕ್ಟರಿಗೆ ಸಿಕ್ಕಿದ್ದು 13. ಹಸಿರಿನ ಕೊನೆಯಲ್ಲಿ ಹೊಕ್ಕ ಟ್ರಾಕ್ಟರು ಐವತ್ತು ಮೀಟರ್ ಚಿಲ್ಲರೆ ಹೋಗುವಷ್ಟರಲ್ಲಿ ಆ ಕಡೆ ಬಸ್ಸಿಗೆ ಹಸಿರು ಬಿದ್ದಿದೆ. ಜನ ಹೇಳಿದ್ದು ಅಕ್ಷರಶಃ ನಿಜ ಅಲ್ಲ, ಸುಳ್ಳೂ ಅಲ್ಲ. ಇನ್ನೊಂದು ತಿಂಗಳು ಹಾಗೇ ಬಿಟ್ಟಿದ್ದರೆ ನಿಜವೇ ಆಗುತ್ತಿತ್ತು.

ಒಂದಕ್ಕೊಂದು ಮಾತಾಡದ ಎರಡು ದೀಪಗಳನ್ನು ಜೋಡಿ ಸಿಗ್ನಲ್ ಅನ್ನಬಾರದು. ಒಂದು ಕೆಟ್ಟರೆ ಇನ್ನೊಂದಕ್ಕೆ ಗೊತ್ತಾಗಬೇಕು, ಗೊತ್ತಾದ ತಕ್ಷಣ ಕೆಂಪಿಗೆ ಹೋಗಿ ನಿಲ್ಲಬೇಕು. ಇಲ್ಲಿ ಪಶ್ಚಿಮದ ಸಿಗ್ನಲ್ ಆಲದ ಮರದ ಕೆಳಗಿತ್ತು. ಬಿಸಿಲಿನಲ್ಲಿ ನಿಲ್ಲುವವರಿಗೆ ನೆರಳಾಗಲಿ ಅಂತ ಒಳ್ಳೆಯ ಮನಸ್ಸಿನಿಂದಲೇ ಇಟ್ಟಿದ್ದರು. ಸೋಲಾರ್ ಪ್ಯಾನೆಲ್ಲಿಗೂ ನೆರಳಾಯಿತು. ನಡುರಾತ್ರಿ ಹೊತ್ತಿಗೆ ಬ್ಯಾಟರಿ ಇಳಿದು ಅದು ಆರಿಹೋಗುತ್ತಿತ್ತು. ಪೂರ್ವದ್ದು ಏನೂ ಗೊತ್ತಿಲ್ಲದೆ ತನ್ನ ಪಾಡಿಗೆ ಹಸಿರು ಕೊಡುತ್ತಲೇ ಇತ್ತು.

ಗುತ್ತಿಗೆದಾರರ ಕಡೆಯ ಎಂಜಿನಿಯರ್ ಹುಡುಗ ಚುರುಕು. ‘ಸರ್, ಸಿಂಪಲ್. 22 ಇರೋದನ್ನ 75 ಮಾಡಿಬಿಡೋಣ’ ಅಂದ. ಬೇಡ ಅಂತ ನಾನು ಲೆಕ್ಕ ಹಾಕಿ ತೋರಿಸಬಹುದಿತ್ತು. ಆದರೆ ರಸ್ತೆಯೇ ಹೇಳಲಿ ಅಂತ, ಎರಡೂ ಕಡೆ ಕೆಲಸಗಾರರನ್ನು ನಿಲ್ಲಿಸಿಕೊಂಡು, ಗಡಿಯಾರ ಸರಿ ಮಾಡಿ, ಬೆಳಗ್ಗೆ ಹತ್ತಕ್ಕೆ 75 ಇಟ್ಟೆವು.

75 ಎರಡು ಸಲ, ಹಸಿರು ಹಳದಿ ಸೇರಿ 43 ಎರಡು ಸಲ. ಒಂದು ಸುತ್ತಿಗೆ 236 ಸೆಕೆಂಡು. ಒಂದು ಕಡೆ ನಿಂತವನಿಗೆ ಕೆಂಪು 193 ಸೆಕೆಂಡು, ಮೂರು ನಿಮಿಷಕ್ಕೂ ಜಾಸ್ತಿ. ಆ 236ರಲ್ಲಿ 150 ಸೆಕೆಂಡು ಎರಡೂ ಕಡೆ ಕೆಂಪು. ಅದರಲ್ಲಿ ಬಹುಪಾಲು ರಸ್ತೆ ಖಾಲಿ, ಕಣ್ಣಿಗೆ ಕಾಣುವ ಹಾಗೆ ಖಾಲಿ. ನಮ್ಮೂರ ಬೈಕಿನವನಿಗೆ ಖಾಲಿ ರಸ್ತೆ ತೋರಿಸಿ ಮೂರು ನಿಮಿಷ ನಿಲ್ಲು ಅಂದರೆ ನಿಲ್ಲುತ್ತಾನಾ? ಮೊದಲ ಸುತ್ತಿನಲ್ಲಿ ಒಬ್ಬ ನುಗ್ಗಿದ. ಎರಡನೇ ಸುತ್ತಿನಲ್ಲಿ ಆರು ಜನ. ಮೂರನೇ ಸುತ್ತಿಗೆ ಒಂದು ಗೂಡ್ಸ್ ಆಟೊ ಅವರ ಹಿಂದೆ ಹೋಯಿತು. ಕೈ ಅಡ್ಡ ಹಾಕಿದ ಕೆಲಸಗಾರನಿಗೆ ‘ಯಾರ್ ಬರ್ತಾವ್ರೆ ತೋರ್ಸು’ ಅಂದ ಒಬ್ಬ. ಕೆಂಪು ದೀಪ ಮೀರಿ ಹೋಗುವುದು ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ ಅಪಾಯಕಾರಿ ಚಾಲನೆಯ ಪಟ್ಟಿಗೇ ಸೇರಿದೆ, ದಂಡವೂ ಇದೆ, ಜೈಲೂ ಇದೆ. ಆದರೆ ನಂಬಲಾಗದ ಸಿಗ್ನಲ್ ಇಟ್ಟು ಅದನ್ನು ಮೀರಿದವನ ಮೇಲೆ ಕಾನೂನು ತೋರಿಸುವುದು ನನಗೆ ಸರಿ ಕಾಣಲಿಲ್ಲ.

ಅದೇ ಹೊತ್ತಿಗೆ ಪಶ್ಚಿಮದಲ್ಲಿ ಇನ್ನೊಂದು ಕಥೆ. ಸಿಗ್ನಲ್ಲಿನಿಂದ 60 ಮೀಟರ್ ಹಿಂದೆ ಒಂದು ತಿರುವಿದೆ. ಮೂರು ನಿಮಿಷದಲ್ಲಿ ಒಂದು ಬಸ್ಸು, ಒಂದು ಖಾಲಿ ಟ್ರಾಕ್ಟರು, ಎರಡು ಲಾರಿ, ಮೂರು ಕಾರು ನಿಂತವು, ಬೈಕುಗಳು ಬೇರೆ. ಸಾಲಿನ ಬಾಲ ತಿರುವಿನ ಆಚೆಗೆ ಹೋಯಿತು. ‘ಮುಂದೆ ಕೆಲಸ ನಡೆಯುತ್ತಿದೆ’ ಬೋರ್ಡು ಸಿಗ್ನಲ್ಲಿನಿಂದ 50 ಮೀಟರಿಗೆ ಇತ್ತು. ಅಂದರೆ ನಿಂತ ಬಸ್ಸಿನ ಮರೆಯಲ್ಲಿ. ಹಿಂದಿನಿಂದ ಬರುವವನಿಗೆ ಮೊದಲು ಕಾಣುವುದು ಬೋರ್ಡಲ್ಲ, ಲಾರಿಯ ಹಿಂಭಾಗ. ನಲವತ್ತು ನಿಮಿಷಕ್ಕೆ ಪ್ರಯೋಗ ನಿಲ್ಲಿಸಿದೆ. ಹುಡುಗ ಏನೂ ಹೇಳಲಿಲ್ಲ, ಅವನೇ ಹೋಗಿ ಟೇಪು ತಂದ.

ನಿಯಮ ಇಲ್ಲದೆ ಇದೆಲ್ಲ ಆಯಿತು ಅಂದುಕೊಳ್ಳಬೇಡಿ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 55 ಅನ್ನುವ ಮಾರ್ಗಸೂಚಿ ಇದಕ್ಕೇ ಇರುವುದು. 2001ರಲ್ಲಿ ಮೊದಲು ಬಂತು, 2014ರಲ್ಲಿ ಪರಿಷ್ಕಾರವಾಯಿತು. ಕೆಲಸದ ಜಾಗವನ್ನು ಅದು ನಾಲ್ಕು ತುಂಡು ಮಾಡುತ್ತದೆ: ಮುಂಚಿತವಾಗಿ ಎಚ್ಚರಿಸುವ ಜಾಗ, ಗಾಡಿಯನ್ನು ಪಕ್ಕಕ್ಕೆ ಸರಿಸುವ ಜಾಗ, ಕೆಲಸದ ಜಾಗ, ಮತ್ತೆ ಮಾಮೂಲಿ ದಾರಿಗೆ ಬಿಡುವ ಜಾಗ. ಗಾಡಿಗಳು 50 ಕಿಮೀ ಒಳಗೆ ಬರುವ ಕಡೆ ಎಚ್ಚರಿಕೆಗೆ 100 ಮೀಟರ್, 51ರಿಂದ 80 ಕಿಮೀ ಬರುವ ಕಡೆ 100ರಿಂದ 300 ಮೀಟರ್. ನಮ್ಮ ರಸ್ತೆ ಎರಡನೇ ಗುಂಪಿನದು. ನಾವು ಇಟ್ಟದ್ದು 50. ನಾನು ಅದಕ್ಕೆ ಒಂದು ಸೇರಿಸುತ್ತೇನೆ. ಈ ದೂರವನ್ನು ಗುಂಡಿಯಿಂದಾಗಲಿ ಸಿಗ್ನಲ್ಲಿನಿಂದಾಗಲಿ ಅಳೆದರೆ ಸಾಲದು. ಸಂಜೆ ಹೊತ್ತು ನಿಲ್ಲುವ ಸಾಲಿನ ಬಾಲದಿಂದ ಅಳೆಯಬೇಕು. ಹಾಗೆ ಅಳೆಯಲು ಸಂಜೆ ಐದರಿಂದ ಏಳರ ತನಕ ಅಲ್ಲಿ ನಿಂತಿರಬೇಕು. ನಕ್ಷೆಗೆ ಸಹಿ ಹಾಕುವವರು ಅದೊಂದನ್ನೇ ಮಾಡುವುದಿಲ್ಲ.

ಬ್ರಿಟನ್‌ನಲ್ಲಿ ಇದಕ್ಕೊಂದು ಸರ್ಕಾರಿ ಸಂಹಿತೆ ಇದೆ, ಕೆಲಸದವರು ರೆಡ್ ಬುಕ್ ಅನ್ನುತ್ತಾರೆ. ಅದರಲ್ಲಿ ನನಗೆ ಇಷ್ಟವಾದದ್ದು ಉದ್ದದ ಲೆಕ್ಕ. ಒಂದೇ ಲೇನು ಉಳಿದ ಜಾಗ 50 ಮೀಟರ್ ಒಳಗಿದ್ದು, ಗಾಡಿ ಕಮ್ಮಿ, ವೇಗ ಕಮ್ಮಿ ಇದ್ದರೆ ಏನೂ ಬೇಡ, ಚಾಲಕರು ನೋಡಿಕೊಂಡು ಹೋಗುತ್ತಾರೆ. 80 ಮೀಟರ್ ತನಕ ‘ಎದುರಿನವರಿಗೆ ದಾರಿ ಬಿಡಿ’ ಬೋರ್ಡು ಸಾಕು. ಕೈಯಲ್ಲಿ ತಿರುಗಿಸುವ ನಿಲ್ಲಿ-ಹೋಗಿ ಬೋರ್ಡು 500 ಮೀಟರ್ ತನಕ ನಡೆಯುತ್ತದೆ, ಉದ್ದ ಹೆಚ್ಚಾದಷ್ಟೂ ಗಾಡಿಗಳ ಸಂಖ್ಯೆಗೆ ಮಿತಿ. ತಾತ್ಕಾಲಿಕ ಸಿಗ್ನಲ್ಲಿಗೆ ಮಾತ್ರ 300 ಮೀಟರ್ ಗಡಿ. ಮನುಷ್ಯ ಕೈಯಾರೆ ನಡೆಸುವುದಕ್ಕೆ ಜಾಸ್ತಿ ಉದ್ದ, ಯಂತ್ರಕ್ಕೆ ಕಮ್ಮಿ. ಮನುಷ್ಯನಿಗೆ ಟ್ರಾಕ್ಟರ್ ಕಾಣುತ್ತದೆ, ಗಡಿಯಾರಕ್ಕೆ ಕಾಣುವುದಿಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಆ ಪುಸ್ತಕದ ಪ್ರಕಾರ ನಮ್ಮ 240 ಮಿತಿಯ ಒಳಗೇ ಬರುತ್ತದೆ. ಅಲ್ಲಿ ಎರಡು ಟ್ರೈಲರ್ ಕಬ್ಬು ಗಂಟೆಗೆ 12 ಕಿಮೀ ವೇಗದಲ್ಲಿ ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ‘ದಾರಿ ಬಿಡಿ’ ಬೋರ್ಡಿನ ಉಪಾಯವೂ ನಮಗೆ ಒಗ್ಗುವುದಿಲ್ಲ. ಇಲ್ಲಿ ಮೊದಲು ನುಗ್ಗಿದವನದೇ ದಾರಿ.

ಹಾಗಾದರೆ ಸಮಯ ಕೂಡಿಸುವುದಲ್ಲ, ಉದ್ದ ಕಳೆಯುವುದು. ಮೋರಿಯ ಹತ್ತಿರ 20 ಮೀಟರ್ ಮಾತ್ರ ತೆರೆದಿಟ್ಟು, ಪಶ್ಚಿಮದ ಚರಂಡಿಯನ್ನು ತಾತ್ಕಾಲಿಕವಾಗಿ ಮುಚ್ಚಲು ಹೇಳಿದೆ. ಗುತ್ತಿಗೆದಾರರ ಮುಖ ಸಪ್ಪಗಾಯಿತು. ಅಗೆದದ್ದನ್ನು ಮುಚ್ಚಿ ಮತ್ತೆ ಅಗೆಯುವ ದುಡ್ಡು ಯಾರು ಕೊಡುತ್ತಾರೆ? ನ್ಯಾಯವಾದ ಪ್ರಶ್ನೆಯೇ. ನಕ್ಷೆಯಂತೆ ಎರಡು ಹಂತದಲ್ಲಿ ಅಗೆದಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ ಅನ್ನುವುದೂ ನ್ಯಾಯವೇ. ಕೊನೆಗೆ 2019ರಲ್ಲಿ ಕಾಯ್ದೆಗೆ ಸೇರಿದ 198ಎ ಕಲಂ ನೆನಪಿಸಿದೆ. ರಸ್ತೆ ಕೆಲಸದಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಜೀವ ಹೋದರೆ ಅಥವಾ ಅಂಗ ಊನವಾದರೆ ಗುತ್ತಿಗೆದಾರ, ಸಲಹೆಗಾರ, ಇಲಾಖೆ, ಯಾರು ಹೊಣೆಯೋ ಅವರಿಗೆ ಒಂದು ಲಕ್ಷದ ತನಕ ದಂಡ. ಸಲಹೆಗಾರ ಅಂದರೆ ನಾನೂ ಬಂದೆ. ಜೆಸಿಬಿ ಮಧ್ಯಾಹ್ನವೇ ಮಣ್ಣು ತಳ್ಳಿತು.

20 ಮೀಟರ್ ಗುಂಡಿ, ಎರಡು ಕಡೆ ಓರೆಯಾಗಿ ಬ್ಯಾರಿಕೇಡ್ ಸರಿಸಲು 15 ಮತ್ತು 15, ಅಲ್ಲಿಂದ ನಿಲ್ಲುವ ಗೆರೆಗೆ ಮತ್ತೆ 15 ಮತ್ತು 15. ಒಟ್ಟು 80. ಈ ಕೊನೆಯ 15ನ್ನು ಉಳಿಸಲು ಹೋಗಬಾರದು. ಎದುರಿನಿಂದ ಹೊರಬರುವ ಉದ್ದದ ಗಾಡಿ ತನ್ನ ಎಡಕ್ಕೆ ಮರಳಲು ಅಷ್ಟು ಜಾಗ ಬೇಕು. ನಿಂತವನು ಬ್ಯಾರಿಕೇಡಿಗೆ ಅಂಟಿಕೊಂಡು ನಿಂತರೆ ಬಂದವನು ಬರುವುದೆಲ್ಲಿಗೆ?

80 ಮೀಟರಿಗೆ ಟ್ರಾಕ್ಟರಿಗೆ 24 ಸೆಕೆಂಡು, ಬಾಲಕ್ಕೆ ಐದು. 30 ಇಟ್ಟೆವು. ಹಸಿರನ್ನೂ 30ಕ್ಕೆ ಇಳಿಸಿದೆವು. ಈಗ ಕೆಂಪು ಒಂದೂವರೆ ನಿಮಿಷ. ಸಾಲು ತಿರುವು ಮುಟ್ಟುವುದಿಲ್ಲ. ಎತ್ತಿನ ಗಾಡಿಗೆ ಈ 30 ಕೂಡ ಸಾಲದು, ಅದಕ್ಕೆ ಒಂದು ನಿಮಿಷಕ್ಕೂ ಮೇಲೆ ಬೇಕು. ಅದಕ್ಕೆ ಹಗಲೂ ರಾತ್ರಿ ಒಬ್ಬ ಮನುಷ್ಯ, ಅವನ ಕೈಯಲ್ಲಿ ಎರಡೂ ಕಡೆ ಕೆಂಪು ಹಿಡಿದಿಡುವ ಬಟನ್.

ಪೂರ್ವದ ಸಿಗ್ನಲ್ ಹೀಗೆ ಒಳಕ್ಕೆ ಬಂದಾಗ ನಾವು ಎಣಿಸದ ಇನ್ನೊಂದು ಉಪಕಾರ ಆಯಿತು. ಹಳೇ ಸಿಗ್ನಲ್ಲಿನ ಒಳಭಾಗದಲ್ಲಿ, 35 ಮೀಟರಿಗೆ, ಒಂದು ಆಲೆಮನೆಯ ದಾರಿ ರಸ್ತೆಗೆ ಸೇರುತ್ತಿತ್ತು. ಅಲ್ಲಿಂದ ಬರುವವನಿಗೆ ಯಾವ ದೀಪವೂ ಕಾಣುತ್ತಿರಲಿಲ್ಲ. ಅವನ ಪಾಲಿಗೆ ಸಿಗ್ನಲ್ಲೇ ಇಲ್ಲ. ಬೆಲ್ಲದ ಪಿಂಡಿ ಹೇರಿಕೊಂಡು ನೇರ ಒಂಟಿ ಲೇನಿಗೆ ಇಳಿಯುತ್ತಿದ್ದ. ನಕ್ಷೆಯಲ್ಲಿ ಆ ದಾರಿ ಇರಲೇ ಇಲ್ಲ, ಯಾಕೆಂದರೆ ಅದು ಟಾರು ಕಂಡಿಲ್ಲ. ಹೊಸ ಗೆರೆ ಆ ದಾರಿಗಿಂತ 10 ಮೀಟರ್ ಒಳಗೆ ಬಂತು. ಈಗ ಅವನೂ ಸಾಲಿನಲ್ಲೇ ನಿಲ್ಲಬೇಕು. ಆಲೆಮನೆ ಯಜಮಾನರು ಮೊದಲು ಗೊಣಗಿದರು, ಆಮೇಲೆ ಬಿಸಿ ಬೆಲ್ಲ ಕಳಿಸಿದರು.

ರೇಡಿಯೊ ಸಂಪರ್ಕವಿರುವ ಸಿಗ್ನಲ್ ಬಾಡಿಗೆಗೆ ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನ ಹಳೇ ಕಾಲದ ಉಪಾಯ. ಒಂಟಿ ಹಳಿಯ ರೈಲಿನಲ್ಲಿ ಚಾಲಕನ ಕೈಗೆ ಟೋಕನ್ ಕೊಡುತ್ತಿದ್ದರಲ್ಲ, ಹಾಗೆ. ಒಂದು ಕಡೆಯಿಂದ ಬಿಟ್ಟ ಕೊನೇ ಗಾಡಿಯವನ ಕೈಗೆ ಕೆಂಪು ಬಟ್ಟೆ ಸುತ್ತಿದ ಕೋಲು ಕೊಡುವುದು. ಆ ಕೋಲು ಆಚೆಯ ಹುಡುಗನ ಕೈ ಸೇರಿದ ಮೇಲೆಯೇ ಆ ಕಡೆಯವರಿಗೆ ದಾರಿ. ಸೆಕೆಂಡಿನ ಲೆಕ್ಕವೇ ಬೇಡ. ಟ್ರಾಕ್ಟರಾದರೂ ಸರಿ, ಎತ್ತಿನ ಗಾಡಿಯಾದರೂ ಸರಿ. ಸೀಟಿಯೂ ಬೇಡ. ಹೇಗೂ ಟ್ರಾಕ್ಟರಿನ ಸ್ಪೀಕರ್ ಸದ್ದಿಗೆ ಸೀಟಿ ಕೇಳುವುದಿಲ್ಲ. ಒಂದೇ ಒಂದು ಸಲ ಕೈಕೊಟ್ಟಿತು. ಹಾಲಿನ ಕ್ಯಾನಿನ ಬೈಕಿನವರೊಬ್ಬರು ಮರೆತು ಕೋಲನ್ನು ಮನೆಗೇ ಒಯ್ದರು. ಮಾರನೇ ಬೆಳಗ್ಗೆ ಹಾಲಿನ ಜೊತೆ ತಂದುಕೊಟ್ಟರು. ಅಷ್ಟರಲ್ಲಿ ಹುಡುಗರು ಇನ್ನೊಂದು ಕೋಲು ಕಡಿದುಕೊಂಡಿದ್ದರು, ಆದರೆ ಇಬ್ಬರ ಕೈಯಲ್ಲೂ ಒಂದೊಂದು ಕೋಲಿದ್ದರೆ ಅದು ಟೋಕನ್ ಅಲ್ಲ, ಬರೀ ಕೋಲು ಅಂತ ಬೈದು ಹಳೆಯದನ್ನು ಮುರಿಸಿದೆ.

ಅನುಮತಿಯ ವಿಷಯ ಕಾಗದದ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ಠಾಣೆಯಲ್ಲಿ ಒಂದು ಮಾತು ಹೇಳಿದ್ದೇ ಅನುಮತಿ ಅಂದುಕೊಂಡಿದ್ದರು. ಕಾಯ್ದೆಯ 116ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಸಂಚಾರದ ಗುರುತು ಇಡುವ ಅಥವಾ ಇಡಲು ಬಿಡುವ ಅಧಿಕಾರ ರಾಜ್ಯ ಸರ್ಕಾರದ್ದು, ಅಥವಾ ಅದು ಅಧಿಕಾರ ಕೊಟ್ಟವರದ್ದು. ಗುತ್ತಿಗೆದಾರ ತನ್ನಷ್ಟಕ್ಕೆ ನಿಲ್ಲಿಸಿದ ದೀಪಕ್ಕೆ ಆ ಬಲ ಇರುವುದಿಲ್ಲ. ಭಾರಿ ಗಾಡಿಗಳನ್ನು ತಡೆಯಬೇಕಾದರೆ 115ನೇ ಕಲಂ, ಒಂದು ತಿಂಗಳೊಳಗಿನ ನಿರ್ಬಂಧವಾದರೆ ಗೆಜೆಟ್ ಬೇಡ, ಸ್ಥಳೀಯ ಪ್ರಚಾರ ಸಾಕು. ನಾವು ಇಲಾಖೆಯ ಮೂಲಕ ಪತ್ರ ಬರೆಸಿ, ನಕ್ಷೆ ಲಗತ್ತಿಸಿ, ಲಿಖಿತ ಒಪ್ಪಿಗೆ ತರಿಸಿದೆವು. ಆ ನಕ್ಷೆಯಲ್ಲಿ ಆಲೆಮನೆ ದಾರಿ ಇತ್ತು, ಆಲದ ಮರವೂ ಇತ್ತು.

ಹೊಸ ಸಿಗ್ನಲ್ ಬಂದ ದಿನ ಸಂಜೆ ಒಂದು ಸಣ್ಣ ತಕರಾರು. ರಸ್ತೆ ಪೂರ್ವ–ಪಶ್ಚಿಮ. ಇಳಿಹೊತ್ತಿನಲ್ಲಿ ಪಶ್ಚಿಮಕ್ಕೆ ಹೋಗುವವನ ಕಣ್ಣಿಗೆ ಸೂರ್ಯ, ಸೂರ್ಯನ ಮುಂದೆ ನಮ್ಮ ಕೆಂಪು ದೀಪ. ಕಾಣುವುದೇ ಇಲ್ಲ. ನಾನೇ ಬೈಕಿನಲ್ಲಿ ಎರಡು ಸಲ ಹೋಗಿ ನೋಡಿದೆ, ಎರಡನೇ ಸಲವೂ ಕಣ್ಣು ಕಿರಿದು ಮಾಡಿ ಹುಡುಕಬೇಕಾಯಿತು. ದೀಪದ ಹಿಂದೆ ಕಪ್ಪು ಬಣ್ಣದ ದೊಡ್ಡ ತಗಡು ಕಟ್ಟಿಸಿದೆವು. ಗೆರೆಯ ಹತ್ತಿರ ‘ಕೆಂಪು ಇದ್ದಾಗ ಇಲ್ಲಿ ನಿಲ್ಲಿ’ ಅನ್ನುವ ಬೋರ್ಡು, ಕನ್ನಡದಲ್ಲಿ, ದಪ್ಪ ಅಕ್ಷರ. ತಿರುವಿನ ಆಚೆ 200 ಮೀಟರಿಗೆ ಮೊದಲ ಎಚ್ಚರಿಕೆ ಬೋರ್ಡು, ರಾತ್ರಿ ಮಿನುಗುವ ಹಳದಿ ದೀಪದ ಜೊತೆ. ಪಶ್ಚಿಮದ ಸಿಗ್ನಲ್ ಆಲದ ಮರ ಬಿಟ್ಟು ಬಿಸಿಲಿಗೆ ಬಂತು. ವಾಚ್‌ಮನ್ ಬ್ಯಾಟರಿ ಡಬ್ಬಿಗೆ ಸರಪಳಿ ಹಾಕಿ ಬೀಗ ಜಡಿದ.

ಮೋರಿಯ ಒಂದು ಅರ್ಧ ಮುಗಿದು ಇನ್ನೊಂದು ಅರ್ಧ ಶುರುವಾದಾಗ ಎಲ್ಲವನ್ನೂ ತಿರುಗಿಸಿ ಇಟ್ಟೆವು. ಆಮೇಲೆ ಚರಂಡಿ, ನಾಲ್ಕು ತುಂಡಾಗಿ. ಪ್ರತಿ ತುಂಡಿಗೂ ಸಿಗ್ನಲ್ ಸರಿಯಬೇಕು, ಪ್ರತಿ ಸಲವೂ ಉದ್ದ ಅಳೆದು, ಟ್ರಾಕ್ಟರ್ ಒಂದನ್ನು ಸ್ಟಾಪ್‌ವಾಚಿನಲ್ಲಿ ನೋಡಿ, ಸೆಕೆಂಡು ಬದಲಿಸಬೇಕು. ಮೂರನೇ ಸಲಕ್ಕೆ ನಾನು ಹೋಗುವಷ್ಟರಲ್ಲಿ ಆ ಎಂಜಿನಿಯರ್ ಹುಡುಗ ಅಳೆದು ಮುಗಿಸಿದ್ದ. 84 ಮೀಟರ್, 31 ಸೆಕೆಂಡು ಅಂತ ಸಿಮೆಂಟ್ ಚೀಲದ ಹಾಳೆಯ ಮೇಲೆ ಬರೆದು ಕೈಗೆ ಕೊಟ್ಟ.

ಕೆಲಸ ಮುಗಿದು ಸಿಗ್ನಲ್ ಎತ್ತಿದ ಮೇಲೂ ನಿಲ್ಲುವ ಬಿಳಿ ಗೆರೆಗಳು ಟಾರಿನ ಮೇಲೆ ಹಾಗೇ ಉಳಿದಿದ್ದವು. ಬಿಲ್ಲಿಗೆ ಸಹಿ ಹಾಕುವ ಮುಂಚೆ ಒಂದು ಸಲ ಹೋಗಿ ನೋಡಿದಾಗ ಗೊತ್ತಾಯಿತು. ಖಾಲಿ ರಸ್ತೆಯಲ್ಲಿ ಹೊರಗಿನ ಊರಿನ ಕಾರೊಂದು ಗೆರೆ ಕಂಡು ಗಕ್ಕನೆ ನಿಂತಿತು, ಹಿಂದಿನ ಬೈಕಿನವನು ಪಕ್ಕಕ್ಕೆ ಎಳೆದುಕೊಂಡ. ಬಿಲ್ಲು ಹಾಗೇ ಮಡಚಿ ಜೇಬಿಗಿಟ್ಟೆ. ಎರಡು ದಿನ ಬಿಟ್ಟು ಗೆರೆ ಅಳಿಸಿದ ಫೋಟೊ ಬಂತು, ಅದೇ ಸೂಪರ್‌ವೈಸರ್ ಕಳಿಸಿದ್ದ.